ಒಳಗೆ ನೋಡುವ ನಾಯಿಗಳು

"ಗಂಡ ಸಮುದ್ರದ ಮೇಲಿದ್ರೆ ಕಿಟಕಿಯಲ್ಲಿರೋ ನಾಯಿಗಳು ಹೊರಗಡೆ ನೋಡ್ತಿರ್ತವೆ. ಗಂಡ ಮನೆಗೆ ಬಂದ ಅಂದ್ರೆ ಹೆಂಡತಿ ಅವುಗಳ ಮುಖಾನ ಒಳಗಡೆ ತಿರುಗಿಸ್ತಾಳೆ. ಬೀದೀಲಿ ಹೋಗೋರಿಗೆಲ್ಲ ಕೇಳದೇನೇ ಸುದ್ದಿ ಗೊತ್ತಾಗಿಬಿಡುತ್ತೆ. ಈಗ ಈ ಮನೆ ನೋಡಿ..."

ಹೀಗೆ ಹೇಳುತ್ತಿದ್ದ ಪ್ರವಾಸಿ ಗೈಡ್ ಗುಡ್ರುನ್ ಥಟ್ಟನೆ ಮಾತು ನಿಲ್ಲಿಸಿದಳು.

ಫಾನೊ ದ್ವೀಪದ ತುದಿಯಲ್ಲಿರುವ ಸೊನ್ನರ್‌ಹೊ ಊರಿನ ಕಿರಿದಾದ ಓಣಿ ಅದು. ಹುಲ್ಲು ಹೊದಿಸಿದ ಹಳೆಯ ಮನೆಯೊಂದರ ಮುಂದೆ ಅವಳ ಪ್ರವಾಸಿಗರು ಕುತ್ತಿಗೆ ಚಾಚಿ ನಿಂತಿದ್ದರು. ಬೆಳಗ್ಗೆ ಕೋಲ್ಡಿಂಗ್‌ನಲ್ಲಿ ಬಸ್ಸು ಹತ್ತಿ, ರೀಬೆಯ ಹಳೇ ಚರ್ಚಿನ ಗೋಪುರ ಹತ್ತಿಳಿದು, ಬಸ್ಸನ್ನೂ ಹೊತ್ತೊಯ್ಯುವ ಫೆರಿ ಹಡಗಿನಲ್ಲಿ ಕಡಲು ದಾಟಿ ಬಂದವರು. ಮುಂದಿನ ಕಿಟಕಿಯಲ್ಲಿ ಎರಡು ಪಿಂಗಾಣಿ ನಾಯಿಗಳು ಓಣಿಯ ಕಡೆ ಮುಖ ಮಾಡಿ ಕುಳಿತಿದ್ದವು. ಗಂಡ ನೀರುಪಾಲಾದ ಮನೆಯಲ್ಲಿ ಅವು ಹೇಗಿರಬೇಕೋ ಹಾಗೆಯೇ ಇದ್ದವು.

ಆದರೆ ಗುಡ್ರುನ್ ನಿಂತಿದ್ದದ್ದು ಮನೆಯ ಮೂಲೆಯಲ್ಲಿ. ಅಲ್ಲಿಂದ ಪಕ್ಕದ ಗೋಡೆಯ ಚಿಕ್ಕ ಕಿಟಕಿಯೂ ಕಾಣುತ್ತಿತ್ತು. ಅದು ಮರೆನ್ ಅಜ್ಜಿಯ ಕೋಣೆ. ಅಲ್ಲಿಯೂ ಒಂದು ಜೋಡಿ ನಾಯಿಗಳಿದ್ದವು. ಅವುಗಳ ಬೆನ್ನು ಮಾತ್ರ ಕಾಣುತ್ತಿತ್ತು.

"ಆಮೇಲೆ?" ಎಂದಳು ಬೊಡಿಲ್. ನಿವೃತ್ತ ಶಾಲಾ ಶಿಕ್ಷಕಿ. ಬೆಳಗಿನಿಂದ ಬಸ್ಸಿನ ಮುಂದಿನ ಸೀಟು ಬಿಟ್ಟು ಕದಲಿರಲಿಲ್ಲ. "ಈ ಮನೆ ಏನು?"

"ಏನಿಲ್ಲ. ಹಳೇ ಮನೆ. ನಡೀರಿ, ಹೋಟೆಲಿನಲ್ಲಿ ಊಟ ಆರಿ ಹೋಗುತ್ತೆ."

"ಇದೇ ಅಲ್ವೇನ್ರೀ ಆ ಕ್ಯಾಪ್ಟನ್ ಮನೆ? ಪೇಪರಲ್ಲಿ ಬಂದಿತ್ತಲ್ಲ."

ಗುಂಪಿನಲ್ಲಿ ಗುಸುಗುಸು ಎದ್ದಿತು. ಗುಡ್ರುನ್‌ಗೆ ಮೈಯೆಲ್ಲ ಉರಿಯಿತು. ಈ ಗುರುವಾರದ ಪ್ರವಾಸಕ್ಕೆ ಒಂದು ಸೀಟೂ ಖಾಲಿ ಇರಲಿಲ್ಲ, ಮತ್ತು ಅದಕ್ಕೆ ಕಾರಣ ರೀಬೆಯ ಚರ್ಚಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಎಂಟುನೂರು ವರ್ಷ ಹಳೆಯ ಕಲ್ಲನ್ನು ಬಿಟ್ಟು ಇವರೆಲ್ಲ ದಾರಿಯುದ್ದಕ್ಕೂ ಡ್ರೈವರನ ಕತ್ತಿನ ಹಿಂಭಾಗವನ್ನೇ ನೋಡಿಕೊಂಡು ಬಂದಿದ್ದರು.

ಆ ಡ್ರೈವರ್ ಆಸ್ಗರ್, ಅವಳ ತೀರಿಹೋದ ಅಕ್ಕನ ಮಗ. ಗುಡ್ರುನ್ ಪೊಲೀಸ್ ಪತ್ತೇದಾರಳಾಗಿದ್ದ ಕಾಲದಲ್ಲೇ, ಬಿಡುವಿಲ್ಲದ ಆ ಕೆಲಸದ ನಡುವೆಯೇ ಅವನನ್ನು ಸಾಕಿದ್ದಳು. ಕಳೆದ ಗುರುವಾರ ವಾಪಸಾಗುವ ಫೆರಿಯ ಮೇಲೆ ಅದೇ ಬಸ್ಸಿನಲ್ಲಿ ಆಚೆ ದಡಕ್ಕೆ ಹೊರಟಿದ್ದ ಹಡಗಿನ ಕ್ಯಾಪ್ಟನ್ ಲೌರಿಟ್ಸ್ ಅವನೊಂದಿಗೆ ಜೋರಾಗಿ ಜಗಳವಾಡಿದ್ದ. ಫೆರಿ ದಡ ಸೇರಿದಾಗ ಕಂಬಿಗೆ ಸಿಕ್ಕಿಕೊಂಡ ಲೌರಿಟ್ಸ್‌ನ ಟೋಪಿ ಮಾತ್ರ ಇತ್ತು, ಲೌರಿಟ್ಸ್ ಇರಲಿಲ್ಲ. ಅವನನ್ನು ನೀರಿಗೆ ತಳ್ಳಿದ ಆರೋಪದ ಮೇಲೆ ನಾಳೆ ಬೆಳಗ್ಗೆ ಆಸ್ಗರ್ ನ್ಯಾಯಾಧೀಶರ ಮುಂದೆ ನಿಲ್ಲಬೇಕು. ಒಮ್ಮೆ ಒಳಗೆ ಹೋದನೆಂದರೆ ಹೊರಗೆ ಬರುವುದು ಯಾವಾಗಲೋ ಯಾರಿಗೂ ಗೊತ್ತಿಲ್ಲ.

ಇವತ್ತಿನ ಮಧ್ಯಾಹ್ನ ಒಂದೇ ಅವಳ ಕೈಯಲ್ಲಿ ಉಳಿದಿದ್ದದ್ದು. ಆ ಮಧ್ಯಾಹ್ನದಲ್ಲಿ ಮರೆನ್ ಅಜ್ಜಿಯ ನಾಯಿಗಳು ಅವಳಿಗೆ ಬೆನ್ನು ತೋರಿಸಿಕೊಂಡು ಕುಳಿತಿದ್ದವು.

ಮರೆನ್ ಅಜ್ಜಿ ಲೌರಿಟ್ಸ್‌ನ ತಾಯಿ. ಹಡಗಿನವನ ಮಗಳು, ಹಡಗಿನವನ ಹೆಂಡತಿ, ಹಡಗಿನವನ ತಾಯಿ. ಅಂಥವಳ ಕೈ ಸುಮ್ಮನೆ ನಾಯಿಗಳನ್ನು ತಿರುಗಿಸುವುದಿಲ್ಲ. ಮನೆಯ ಗಂಡಸು ಸಮುದ್ರದಿಂದ ಬಂದರೆ ಮಾತ್ರ, ಬೆಳಗ್ಗೆ ಎದ್ದು ಮುಖ ತೊಳೆದಷ್ಟೇ ಸಹಜವಾಗಿ, ಯೋಚನೆಯನ್ನೂ ಮಾಡದೆ ತಿರುಗಿಸುತ್ತದೆ. ಗುಡ್ರುನ್‌ಳ ತಾಯಿಯೂ ಇದೇ ದ್ವೀಪದವಳು. ಅಪ್ಪ ಬಂದರಿಗೆ ಬಂದನೆಂದು ತಿಳಿದ ಕೂಡಲೇ ಅಮ್ಮ ಒಲೆಯ ಮೇಲಿನ ಹಾಲನ್ನೂ ಬಿಟ್ಟು ಕಿಟಕಿಗೆ ಓಡುತ್ತಿದ್ದದ್ದನ್ನು ಅವಳು ಮರೆತಿರಲಿಲ್ಲ.

ಮುಂದಿನ ಕಿಟಕಿಯನ್ನು ಲೌರಿಟ್ಸ್‌ನ ಹೆಂಡತಿ ರಿಗ್ಮೋರ್ ಜೋಡಿಸಿರಬೇಕು. ಅವಳು ಒಳನಾಡಿನವಳು, ಹಂದಿ ಸಾಕುವ ಊರಿನವಳು. ಊರಿಗೆಲ್ಲ ಕಾಣುವ ನಾಯಿಗಳನ್ನು ನೆನಪಿಟ್ಟುಕೊಂಡು ಹೊರಗೆ ತಿರುಗಿಸಿದ್ದಾಳೆ. ಅತ್ತೆಯ ಕೋಣೆಯವನ್ನು ಮರೆತಿದ್ದಾಳೆ. ಪೊಲೀಸರೂ ಆಚೆ ದಡದವರೇ. ಮೂರು ಸಲ ಬಂದು ಆ ಕಿಟಕಿಯ ಪಕ್ಕದಲ್ಲೇ ನಿಂತು ಕಾಫಿ ಕುಡಿದು ಹೋಗಿದ್ದರು.

ಲೌರಿಟ್ಸ್ ಬದುಕಿದ್ದಾನೆ. ಈ ಮನೆಯೊಳಗೇ ಇದ್ದಾನೆ. ಹಾಗೆಂದುಕೊಂಡ ಮೇಲೆ ಗುಡ್ರುನ್‌ಗೆ ಒಂದು ವಾರದಿಂದ ಎದೆಯ ಮೇಲಿದ್ದ ಭಾರ ಇಳಿದ ಹಾಗಾಯಿತು.

*

ಬಸ್ಸನ್ನು ಆಸ್ಗರ್ ಹೋಟೆಲಿನ ಹಿಂದೆ ನಿಲ್ಲಿಸಿದ್ದ. ಊಟಕ್ಕೆ ಒಳಗೆ ಹೋದರೆ ಎಲ್ಲರ ಚಮಚವೂ ನಿಲ್ಲುತ್ತದೆಂದು ಬಸ್ಸಿನ ಮೆಟ್ಟಿಲ ಮೇಲೇ ಕುಳಿತು ರೈ ಬ್ರೆಡ್ ತಿನ್ನುತ್ತಿದ್ದ. ಅಗಲ ಭುಜದ, ಮೃದು ಮಾತಿನ ಮನುಷ್ಯ. ವಾರದಿಂದ ಗಡ್ಡ ತೆಗೆದಿರಲಿಲ್ಲ.

"ನೀನು ಊಟ ಮಾಡಲ್ವಾ, ಚಿಕ್ಕಮ್ಮ?"

"ರಿಗ್ಮೋರ್‌ನ ಮಾತಾಡಿಸಿ ಬರ್ತೀನಿ."

ಅವನು ಅಗಿಯುವುದನ್ನು ನಿಲ್ಲಿಸಿದ.

"ಈಗ ಯಾಕೆ? ದುಃಖದಲ್ಲಿದಾಳೆ ಪಾಪ. ನನ್ನ ಚಿಕ್ಕಮ್ಮ ಅಂತ ನಿನ್ನನ್ನೂ ಬೈದು ಕಳಿಸ್ತಾಳೆ."

"ಬೈದ್ರೆ ಬೈಸ್ಕೋತೀನಿ. ಮೂವತ್ತು ವರ್ಷ ಕಳ್ಳರ ಹತ್ರ ಬೈಸ್ಕೊಂಡಿಲ್ವಾ?"

"ಬೇಡ ಅಂದ್ರೆ ಕೇಳು. ಏನೂ ಪ್ರಯೋಜನ ಇಲ್ಲ."

"ಹಾಗಾದ್ರೆ ಆ ಜಗಳ ಯಾಕಾಯ್ತು ಅಂತ ಇನ್ನೊಂದು ಸಲ ಹೇಳು, ಹೋಗ್ದೇ ಇರ್ತೀನಿ."

"ಹೇಳಿದ್ನಲ್ಲ. ಬಸ್ಸಲ್ಲಿ ಪೈಪ್ ಸೇದಬೇಡಿ ಅಂದೆ. ಅವನಿಗೆ ಸಿಟ್ಟು ಬಂತು."

ಶುಕ್ರವಾರ ಕೇಳಿದಾಗ ಅವನು ಬೇರೆ ಹೇಳಿದ್ದ. ಲೌರಿಟ್ಸ್ ಕುಡಿದಿದ್ದ, ಮಾತಿಗೆ ಮಾತು ಬೆಳೆಯಿತು ಎಂದಿದ್ದ. ಗುಡ್ರುನ್‌ಳಲ್ಲಿದ್ದ ಪತ್ತೇದಾರಳು ಅದನ್ನು ಗಮನಿಸಿದಳು. ಅವಳಲ್ಲಿದ್ದ ಚಿಕ್ಕಮ್ಮ, ಹೆದರಿದ ಮನುಷ್ಯ ಒಂದೊಂದು ಸಲ ಒಂದೊಂದು ಹೇಳುತ್ತಾನೆ ಬಿಡು ಎಂದಳು. ಈ ವಾರವೆಲ್ಲ ಗೆದ್ದದ್ದು ಚಿಕ್ಕಮ್ಮನೇ.

"ಬಸ್ಸು ಬಿಟ್ಟು ಎಲ್ಲೂ ಹೋಗ್ಬೇಡ," ಎಂದು ಹೇಳಿ ಅವಳು ಓಣಿಯತ್ತ ಹೊರಟಳು.

*

ಅಡುಗೆಮನೆಯ ಬಾಗಿಲು ತೆಗೆದ ರಿಗ್ಮೋರ್ ಕಪ್ಪು ಸ್ವೆಟರ್ ತೊಟ್ಟಿದ್ದಳು. ಅವಳ ಕಣ್ಣು ಕೆಂಪಗಿತ್ತು. ಒಳಗೆ ಕರೆಯಬೇಕೋ ಬೇಡವೋ ಎಂಬಂತೆ ಸ್ವಲ್ಪ ಹೊತ್ತು ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ಏನು ಬೇಕಾಗಿತ್ತು?"

"ಮಾತಾಡಿಸ್ಕೊಂಡು ಹೋಗೋಣ ಅಂತ ಬಂದೆ."

"ನಿಮ್ಮ ಹುಡುಗ ಕಳಿಸಿದ್ನಾ?"

ಅವಳು ಕೇಳಿದ ರೀತಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆ ಇತ್ತು. ಗುಡ್ರುನ್‌ಗೆ ಅದು ವಿಚಿತ್ರವೆನಿಸಿತು. ಗಂಡನನ್ನು ನೀರಿಗೆ ತಳ್ಳಿದವನ ಚಿಕ್ಕಮ್ಮನನ್ನು ಕಂಡರೆ ಹೆಂಗಸು ಕೂಗಾಡಬೇಕು, ಹೀಗೆ ಓಣಿಯ ಎರಡೂ ಕಡೆ ನೋಡಬಾರದು.

"ನಾನೇ ಬಂದೆ. ಅವನು ಬೇಡ ಅಂದ."

"ಬೇಡ ಅಂದ್ನಾ?" ರಿಗ್ಮೋರ್ ಪಕ್ಕಕ್ಕೆ ಸರಿದಳು. "ಬನ್ನಿ. ಕಾಫಿ ಇದೆ."

ಅಡುಗೆಮನೆ ಚೊಕ್ಕಟವಾಗಿತ್ತು. ಗುಡ್ರುನ್ ಕಣ್ಣು ತನ್ನಷ್ಟಕ್ಕೆ ತಾನು ಹಳೆಯ ಕೆಲಸ ಶುರುಮಾಡಿತು. ಒಲೆಯ ಮೇಲಿನ ದಾರದಲ್ಲಿ ಉಪ್ಪು ಹಾಕಿ ಹೊಗೆಗಿಟ್ಟ ಚಪ್ಪಟೆ ಮೀನುಗಳು ತೂಗುತ್ತಿದ್ದವು. ಈ ದ್ವೀಪದವರ ಪ್ರಾಣ ಅದು, ಹೊರಗಿನವರಿಗೆ ವಾಸನೆಯೇ ಆಗದು. ದಾರದ ಅರ್ಧ ಖಾಲಿಯಾಗಿತ್ತು. ಕೆಳಗೆ ಬೆಕ್ಕಿನ ತಟ್ಟೆಯಲ್ಲಿ ಒಣಗಿ ಸುರುಳಿಯಾದ ಮೀನಿನ ಸಿಪ್ಪೆಗಳಿದ್ದವು.

"ಮೀನು ತಿನ್ನೋದು ಕಲಿತ್ರಾ, ರಿಗ್ಮೋರ್? ಮೊದಲೆಲ್ಲ ಮೂಗು ಮುಚ್ಕೋತಿದ್ರಿ."

"ಅತ್ತೆಗೆ."

"ಮರೆನ್ ಅಜ್ಜಿಗೆ ಹಲ್ಲಿಲ್ವಲ್ಲ."

ಕಾಫಿ ಸುರಿಯುತ್ತಿದ್ದ ರಿಗ್ಮೋರ್ ಪಾತ್ರೆಯನ್ನು ಅರ್ಧಕ್ಕೇ ಎತ್ತಿಹಿಡಿದಳು.

"ನೆನೆಸಿ ಕೊಡ್ತೀನಿ. ಅದೆಲ್ಲ ನಿಮಗ್ಯಾಕೆ?"

"ನಾಳೆ ಆಸ್ಗರ್‌ನ ಒಳಗೆ ಹಾಕ್ತಾರೆ. ಅದಕ್ಕೆ ನನಗೆ ಬೇಕು." ಗುಡ್ರುನ್ ಕಾಫಿಯನ್ನು ಮುಟ್ಟಲಿಲ್ಲ. "ಮುಂದಿನ ಕಿಟಕೀಲಿ ನಾಯಿಗಳು ಹೊರಗೆ ನೋಡ್ತಿವೆ. ಪಕ್ಕದ ಕಿಟಕೀಲಿ ಒಳಗೆ ನೋಡ್ತಿವೆ. ಒಂದೇ ಮನೇಲಿ ಒಬ್ಬನೇ ಗಂಡಸು ಸತ್ತೂ ಇರ್ತಾನೆ, ಮನೇಲೂ ಇರ್ತಾನೆ ಅಂದ್ರೆ ಹೇಗೆ?"

"ಧೂಳು ಒರೆಸುವಾಗ ತಿರುಗಿರ್ಬೇಕು. ಬೊಂಬೆಗಳು ತಾನೇ. ಅದು ಪ್ರವಾಸಿಗರಿಗೆ ಹೇಳೋ ಕಥೆ. ಲೌರಿಟ್ಸೇ ನಗ್ತಾ ಹೇಳ್ತಿದ್ದ."

"ಲೌರಿಟ್ಸ್ ನಗ್ತಿದ್ದ, ಅವರಮ್ಮ ನಗಲ್ಲ. ನಿಮ್ಮತ್ತೆ ಕೋಣೆ ಧೂಳು ನೀವು ಯಾವತ್ತು ಒರೆಸಿದ್ರಿ ಹೇಳಿ. ನಿಮ್ಮನ್ನ ಆ ನಾಯಿಗಳ ಹತ್ರ ಬಿಡೋರಾ ಅವರು?"

ರಿಗ್ಮೋರ್ ಕಾಫಿ ಪಾತ್ರೆಯನ್ನು ಒಲೆಯ ಮೇಲಿಟ್ಟಳು, ಮತ್ತೆ ಎತ್ತಿದಳು, ಮತ್ತೆ ಇಟ್ಟಳು.

"ನಾನು ಪೊಲೀಸ್ ಕೆಲಸ ಬಿಟ್ಟು ಎಷ್ಟೋ ಕಾಲ ಆಯ್ತು," ಎಂದಳು ಗುಡ್ರುನ್ ತಗ್ಗಿದ ದನಿಯಲ್ಲಿ. "ನಿಮ್ಮಿಬ್ಬರನ್ನ ಹಿಡಿದು ಕೊಡೋಕೆ ಬಂದಿಲ್ಲ. ಯಾಕೆ ಬಚ್ಚಿಟ್ಟುಕೊಂಡಿದ್ದಾನೋ ಅದು ಅವನ ಹಣೆಬರಹ. ನಾಳೆ ಬೆಳಗ್ಗೆ ಅವನು ಎದ್ದು ಬಂದು, ನಾನು ಬದುಕಿದೀನಿ ಅಂತ ಮುಖ ತೋರಿಸಿದ್ರೆ ಸಾಕು. ನನ್ನ ಹುಡುಗ ಉಳ್ಕೊಳ್ತಾನೆ. ಕರೀರಿ ಅವನನ್ನ."

"ಕರೀಲಾ?" ರಿಗ್ಮೋರ್ ವಿಚಿತ್ರವಾಗಿ ನಕ್ಕಳು. "ನೀವೇ ಹೋಗಿ ಕರೀರಿ. ಮನೆಯೆಲ್ಲ ತೆರೆದೇ ಇದೆ."

ಗುಡ್ರುನ್ ಎದ್ದಳು. ಮುಂದಿನ ಕೋಣೆ, ಅಟ್ಟದ ಏಣಿ, ಸೌದೆಯ ಮೂಲೆ, ಯಾವುದನ್ನೂ ಬಿಡಲಿಲ್ಲ. ರಿಗ್ಮೋರ್ ಹಿಂದೆಯೇ ಬಂದಳೇ ಹೊರತು ಎಲ್ಲಿಯೂ ತಡೆಯಲಿಲ್ಲ. ಅದೇ ಗುಡ್ರುನ್‌ಗೆ ಹಿಡಿಸಲಿಲ್ಲ. ಮನೆಯಲ್ಲಿ ಗಂಡನನ್ನು ಬಚ್ಚಿಟ್ಟವಳು ಇಷ್ಟು ಸಲೀಸಾಗಿ ದಾರಿ ಬಿಡುವುದಿಲ್ಲ.

ಕೊನೆಗೆ ಉಳಿದದ್ದು ಮರೆನ್ ಅಜ್ಜಿಯ ಕೋಣೆ. ಅಜ್ಜಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕುಳಿತು ಕಾಲುಚೀಲ ಹೆಣೆಯುತ್ತಿದ್ದಳು. ಎದುರು ಗೋಡೆಯೊಳಗೆ ಹಲಗೆಯ ಬಾಗಿಲಿದ್ದ ಹಳೇ ಕಾಲದ ಹಾಸಿಗೆ ಗೂಡು. ಬಾಗಿಲು ಮುಚ್ಚಿತ್ತು. ಗುಡ್ರುನ್ ನೇರ ಹೋಗಿ ಎರಡು ಕೈಯಿಂದ ಅದನ್ನು ಸರಿಸಿದಳು.

ಹಾಸಿಗೆ ಖಾಲಿ ಇತ್ತು. ದಿಂಬಿನ ಮೇಲೆ ಗಂಡಸಿನ ನಿಲುವಂಗಿಯೊಂದನ್ನು ನೀಟಾಗಿ ಮಡಿಸಿಟ್ಟಿತ್ತು. ಹಾಸಿಗೆಯ ಕಾಲ್ದೆಸೆಯಲ್ಲಿ ಕ್ಯಾಪ್ಟನ್ ಲೌರಿಟ್ಸ್‌ನ ಕನ್ನಡಕ ಇತ್ತು, ಅದರ ಕೆಳಗೆ ಭಾನುವಾರದ ಪೇಪರ್.

ಭಾನುವಾರ. ಟೋಪಿ ಸಿಕ್ಕಿದ್ದು ಗುರುವಾರ. ಅಂದರೆ ನೀರುಪಾಲಾದವನು ಮೂರು ದಿನದ ಮೇಲೆ ಇಲ್ಲಿ ಮಲಗಿ ಪೇಪರ್ ಓದಿದ್ದಾನೆ.

"ಯಾರದು? ನಮ್ಮ ದ್ವೀಪದ ನೋರ್ಬಿ ಊರಿನವಳ ಮಗಳಲ್ವೇನೇ ನೀನು?" ಎಂದಳು ಅಜ್ಜಿ, ಹೆಣಿಗೆಯಿಂದ ಕಣ್ಣೆತ್ತದೆ. "ಬಾಗಿಲು ಮುಚ್ಚು ಮಗಳೇ. ಅವನಿಗೆ ತಣ್ಣಗಿರೋ ಹಾಸಿಗೆ ಆಗಲ್ಲ."

"ಲೌರಿಟ್ಸ್ ಎಲ್ಲಿ ಅಜ್ಜಿ?"

"ಹೋದ."

"ಹೋದ್ನಾ? ಮತ್ತೆ ನಾಯಿಗಳು ಒಳಗೆ ನೋಡ್ತಿವೆ?"

ಈಗ ಅಜ್ಜಿ ಕಣ್ಣೆತ್ತಿದಳು. ಇಷ್ಟು ದೊಡ್ಡವಳಾಗಿ ಇಂಥ ಪ್ರಶ್ನೆ ಕೇಳುತ್ತಾಳಲ್ಲ ಎಂಬ ಬೇಸರ ಅವಳ ಮುಖದಲ್ಲಿತ್ತು.

"ಕಾರಲ್ಲಿ ಹೋದೋನಿಗೆ ಯಾರಾದ್ರೂ ನಾಯಿ ತಿರುಗಿಸ್ತಾರೇನೇ? ನಿಮ್ಮಮ್ಮ ನಿನಗೇನೂ ಹೇಳ್ಕೊಡ್ಲಿಲ್ವಾ? ಸಮುದ್ರಕ್ಕೆ ಹೋದ್ರೆ ಮಾತ್ರ. ಊರೆಲ್ಲ ಅವನು ಸಮುದ್ರ ಸೇರಿದ ಅಂತಿತ್ತು. ರಾತ್ರಿ ಬಾಗಿಲು ತಟ್ಟಿ ಬಂದು ನಿಂತ. ಬಂದ್ನಲ್ಲ ಅಂತ ತಿರುಗಿಸ್ದೆ. ಆಮೇಲೆ ಹೋಗಿದ್ದು ನೆಲದ ಮೇಲೆ. ಸಂಜೆ ಕಾಫಿಗೆ ಬರ್ತೀನಿ ಅಂದ."

"ಯಾರ ಕಾರಲ್ಲಿ ಅಜ್ಜಿ?"

ಅಜ್ಜಿ ಕುಣಿಕೆಗಳನ್ನು ಎಣಿಸುತ್ತ ಹೆಣಿಗೆಯತ್ತ ತಿರುಗಿದಳು. ಉತ್ತರ ಬಂದದ್ದು ಬಾಗಿಲ ಬಳಿಯಿಂದ.

"ನಿಮ್ಮ ಆಸ್ಗರ್ ಕಾರಲ್ಲಿ," ಎಂದಳು ರಿಗ್ಮೋರ್.

ಗುಡ್ರುನ್ ಬಾಗಿಲ ಕಡೆ ತಿರುಗಿದಳು.

"ಸುಳ್ಳು."

"ಸುಳ್ಳು ಹೇಳೋ ಶಕ್ತಿ ನನಗೆ ಉಳಿದಿಲ್ಲ. ಜಗಳ ನಾಟಕ. ಟೋಪಿ ನಾಟಕ. ಇಬ್ರೂ ಸೇರಿ ಮಾಡಿದ್ದು. ಫೆರಿಯಿಂದ ಇಳಿಯುವಾಗ ಲೌರಿಟ್ಸ್ ನಿಮ್ಮ ಬಸ್ಸಿನ ಕೆಳಗೆ, ಪೆಟ್ಟಿಗೆ ಇಡೋ ಜಾಗದಲ್ಲಿ ಮಲಗಿದ್ದ. ನೀವು ಮೇಲೆ ಕೂತು ಎಲ್ಲರನ್ನೂ ಸಮಾಧಾನ ಮಾಡ್ತಿದ್ರಿ. ರಾತ್ರಿ ಆಸ್ಗರ್ ತನ್ನ ಕಾರಲ್ಲಿ ಕಂಬಳಿ ಹೊದಿಸಿ ವಾಪಸ್ ಇಲ್ಲಿಗೆ ತಂದು ಬಿಟ್ಟ."

"ಯಾಕೆ?"

"ಸ್ವಲ್ಪ ದಿನ ಸತ್ತವನ ಹಾಗಿರ್ಬೇಕು ಅಂದ. ಅಷ್ಟೇ ಹೇಳಿದ್ದು. ನಿನಗೆ ಗೊತ್ತಿಲ್ದಿದ್ರೇನೇ ಒಳ್ಳೇದು, ಆಸ್ಗರ್‌ಗೆ ಎಲ್ಲ ಗೊತ್ತು, ಅವನನ್ನ ನಂಬು ಅಂದ. ಭಾನುವಾರ ಮಧ್ಯಾಹ್ನ ಆಸ್ಗರ್ ಬಂದು ಕರ್ಕೊಂಡು ಹೋದ. ಕನ್ನಡಕಾನೂ ತಗೊಳ್ಳಿಲ್ಲ, ಅಷ್ಟು ಬೇಗ ಬರೋನು. ಇವತ್ತು ಗುರುವಾರ."

"ಪೊಲೀಸರಿಗೆ ಹೇಳ್ಬೇಕಾಗಿತ್ತು."

"ಏನಂತ? ಇಷ್ಟು ದಿನ ಅತ್ತಿದ್ದೆಲ್ಲ ನಾಟಕ, ಈಗ ಅಳ್ತಿರೋದು ನಿಜ ಅಂತಾನಾ?" ರಿಗ್ಮೋರ್ ಅವಳ ಹತ್ತಿರ ಬಂದಳು. "ಪೊಲೀಸರು ಆಸ್ಗರ್‌ನ ಕರೆಸಿಕೊಂಡಾಗ ನನಗೆ ಸಮಾಧಾನ ಆಯ್ತು, ಗೊತ್ತಾ? ಈಗ ಬಾಯಿ ಬಿಡ್ತಾನೆ, ಲೌರಿಟ್ಸ್ ಎಲ್ಲಿದಾನೆ ಅಂತ ಹೇಳ್ತಾನೆ, ಎಲ್ಲ ಮುಗಿಯುತ್ತೆ ಅಂದ್ಕೊಂಡೆ. ಎರಡು ಸಲ ಕರೆಸಿ ಕೇಳಿದ್ರು. ಬಾಯೇ ಬಿಡ್ಲಿಲ್ಲ. ನೀವು ಪತ್ತೇದಾರಳು. ನೀವೇ ಹೇಳಿ. ಲೌರಿಟ್ಸ್ ಇಂಥ ಕಡೆ ಜೀವಂತ ಇದಾನೆ ಅಂತ ಒಂದು ಮಾತು ಹೇಳಿದ್ರೆ ಅವನ ಮೇಲೆ ಕೇಸೇ ಇರಲ್ಲ. ಅಂಥವನು ಆ ಒಂದು ಮಾತನ್ನ ಯಾಕೆ ಹೇಳಲ್ಲ?"

ಮೂವತ್ತು ವರ್ಷದಲ್ಲಿ ನೂರು ಜನರನ್ನು ಹೀಗೆ ಮೂಲೆಗೆ ನಿಲ್ಲಿಸಿ ಕೇಳಿದ್ದವಳು ಗುಡ್ರುನ್. ಇದಕ್ಕೆ ಉತ್ತರ ಅವಳಿಗೆ ಗೊತ್ತಿತ್ತು.

"ಆಸ್ಗರ್ ಅವನನ್ನ ಎಲ್ಲೋ ಬಚ್ಚಿಟ್ಟಿರಬಹುದು," ಎಂದಳು. "ಕೊಟ್ಟ ಮಾತಿಗೆ ಕಟ್ಟುಬಿದ್ದು."

"ಹಾಗಂತ ನೀವೇ ನಂಬಿದ್ರೆ ನಿಮ್ಮ ಮುಖ ಯಾಕೆ ಹೀಗಾಯ್ತು?"

ಕಿಟಕಿಯ ಬಳಿ ಅಜ್ಜಿಯ ಹೆಣಿಗೆ ಕಡ್ಡಿಗಳು ಟಕಟಕ ಎನ್ನುತ್ತಲೇ ಇದ್ದವು. ಕಾಫಿ ಬಿಸಿ ಇದೆಯಾ, ಅವನು ಬರೋ ಹೊತ್ತಾಯ್ತು ಎಂದಳು ಅಜ್ಜಿ. ರಿಗ್ಮೋರ್ ಇದೆ ಅತ್ತೆ ಎಂದಳು. ದಿನವೂ ಹೀಗೇ ಹೇಳುತ್ತಿದ್ದಾಳೆಂದು ಗುಡ್ರುನ್‌ಗೆ ಅರ್ಥವಾಯಿತು. ಅವಳಿಗೆ ಅಲ್ಲಿ ನಿಲ್ಲಲು ಆಗಲಿಲ್ಲ.

*

ಓಣಿಯಲ್ಲಿ ಗಾಳಿ ಎದ್ದಿತ್ತು. ಹೋಟೆಲಿನವರೆಗಿನ ದಾರಿ ಅಷ್ಟೇನೂ ದೂರವಿರಲಿಲ್ಲ, ಆದರೂ ಗುಡ್ರುನ್ ಎರಡು ಕಡೆ ನಿಂತಳು.

ಅವನನ್ನು ಬಿಡಿಸುವ ಸಾಕ್ಷಿ ಹುಡುಕಿಕೊಂಡು ಹೋಗಿದ್ದಳು. ಸಿಕ್ಕಿತ್ತು. ಲೌರಿಟ್ಸ್ ಸಮುದ್ರಕ್ಕೆ ಬಿದ್ದಿಲ್ಲ. ಆಸ್ಗರ್ ಅವನನ್ನು ಫೆರಿಯಿಂದ ತಳ್ಳಿಲ್ಲ. ಅದನ್ನು ಹೇಳಿದರೆ ನಾಳಿನ ಆರೋಪ ಬಿದ್ದುಹೋಗುತ್ತದೆ, ಅದರ ಜಾಗದಲ್ಲಿ ಭಾನುವಾರ ಬಂದು ಕೂರುತ್ತದೆ. ಆ ಭಾನುವಾರದಲ್ಲಿ ಲೌರಿಟ್ಸ್‌ನ ಜೊತೆಗಿದ್ದವನು ಒಬ್ಬನೇ.

ಇಲ್ಲ, ಎಂದಳು ಅವಳಲ್ಲಿದ್ದ ಚಿಕ್ಕಮ್ಮ. ಜ್ವರ ಬಂದಾಗ ನನ್ನ ಕೈ ಬಿಡದೆ ಮಲಗುತ್ತಿದ್ದ ಹುಡುಗ ಅವನು. ಎಲ್ಲೋ ಬಚ್ಚಿಟ್ಟಿದ್ದಾನೆ, ಯಾವುದೋ ಆಣೆಗೆ ಸಿಕ್ಕಿ ಒದ್ದಾಡುತ್ತಿದ್ದಾನೆ. ಗುಟ್ಟು ಬಯಲಾಯಿತೆಂದು ಗೊತ್ತಾದರೆ ಅಬ್ಬಾ ಬದುಕಿದೆ ಎಂದು ಅಲ್ಲಿಯೇ ಕುಸಿದು ಕೂರುತ್ತಾನೆ.

ಅವಳಲ್ಲಿದ್ದ ಪತ್ತೇದಾರಳಿಗೆ ಅವನ ಮುಖ ನೋಡಬೇಕಾಗಿತ್ತು, ಅಷ್ಟೇ.

ಹೋಟೆಲಿನ ಹಿಂದೆ ಊಟ ಮುಗಿಸಿದ ಪ್ರವಾಸಿಗರು ಬಸ್ಸು ಹತ್ತುತ್ತಿದ್ದರು. ಆಸ್ಗರ್ ಮೆಟ್ಟಿಲ ಬಳಿ ನಿಂತು ಒಬ್ಬೊಬ್ಬರಿಗೂ ಕೈ ಕೊಟ್ಟು ಹತ್ತಿಸುತ್ತಿದ್ದ. ಬೊಡಿಲ್ ಅವನ ಕೈ ಹಿಡಿಯಬೇಕೋ ಬೇಡವೋ ಎಂದು ಯೋಚಿಸಿ, ಕೊನೆಗೆ ಎರಡು ಬೆರಳು ಕೊಟ್ಟು ಹತ್ತಿದಳು. ಅವನು ಅದನ್ನು ನೋಡಿಯೂ ನೋಡದವನಂತೆ ಮುಗುಳ್ನಕ್ಕ.

ಎಲ್ಲರೂ ಒಳಗೆ ಹೋದ ಮೇಲೆ ಗುಡ್ರುನ್ ಹತ್ತಿರ ಬಂದಳು.

"ಬೈದ್ಲಾ?" ಎಂದ ಅವನು.

"ಇಲ್ಲ."

"ಮತ್ತೆ ಇಷ್ಟು ಹೊತ್ತು ಏನ್ ಮಾಡ್ತಿದ್ದೆ? ಫೆರಿ ತಪ್ಪಿಹೋಗುತ್ತೆ."

ಅವನ ಕಣ್ಣುಗಳು ಅವಳ ಅಕ್ಕನವೇ. ಆ ಕಣ್ಣುಗಳನ್ನು ಬಿಟ್ಟು ಬೇರೆ ಏನನ್ನೂ ನೋಡದೆ, ತೀರ ಮೆಲ್ಲನೆ ಗುಡ್ರುನ್ ಹೇಳಿದಳು.

"ಒಳ್ಳೇ ಸುದ್ದಿ ಕಣೋ. ಲೌರಿಟ್ಸ್ ಮುಳುಗಿಲ್ಲ. ಸಾಕ್ಷಿ ಸಿಕ್ತು. ನಾಳೆ ನಿನ್ನನ್ನ ಯಾರೂ ಮುಟ್ಟೋ ಹಾಗಿಲ್ಲ."

ಅವಳು ಕಾದಳು. ಅವನು ಕುಸಿದು ಕೂರಲಿಲ್ಲ, ನಿಟ್ಟುಸಿರು ಬಿಡಲಿಲ್ಲ, ಎಲ್ಲಿದ್ದಾನೆ ಎಂದು ಕೇಳಲಿಲ್ಲ. ಮುಖದ ಬಣ್ಣ ಮಾತ್ರ ನಿಧಾನವಾಗಿ ಇಳಿಯಿತು. ಅವನು ಬಸ್ಸಿನ ಒಳಗೊಮ್ಮೆ ನೋಡಿದ, ಓಣಿಯ ಕಡೆಗೊಮ್ಮೆ ನೋಡಿದ, ಆಮೇಲೆ ಅವಳ ತೋಳನ್ನು ಮೊಣಕೈಯ ಮೇಲೆ ಹಿಡಿದ. ಹಿಡಿತ ಮೃದುವಾಗಿರಲಿಲ್ಲ.

"ಇದನ್ನ ಇನ್ನೂ ಯಾರ್ಯಾರಿಗೆ ಹೇಳಿದೀಯ, ಚಿಕ್ಕಮ್ಮ?"